ವಾಹನವಾಸ: ನಂದಿ ಸೀಮೆಯಲ್ಲಿ ಗಾಡಿಯೊಳಗಿನ ಬದುಕು

ಕಾರು, ವ್ಯಾನು, ಲಾರಿಯಂಥ ಓಡುವ ಗಾಡಿಯಲ್ಲೇ ಮಲಗಿ ಎದ್ದು, ಬಟ್ಟೆಬರೆಯನ್ನು ಅದರಲ್ಲೇ ಇಟ್ಟುಕೊಂಡು, ತಿಂಗಳುಗಟ್ಟಲೆ ಬದುಕು ಸಾಗಿಸುವುದನ್ನು ಇಲ್ಲಿ ವಾಹನವಾಸ ಎಂದು ಕರೆದಿದೆ. ಹಾಸಿಗೆ, ಅಡುಗೆಮನೆ ಕೂಡಿಸಿದ ಕ್ಯಾರವಾನ್‌ಗಳಲ್ಲಿ ಮೋಜಿಗಾಗಿ ಊರೂರು ತಿರುಗುವವರ ವಿಚಾರ ಬೇರೆ. ಈ ಲೇಖನ ಕಡಿಮೆ ಆದಾಯದವರಿಗೆ, ಅದರಲ್ಲೂ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳನ್ನೊಳಗೊಂಡ ನಂದಿ ಸೀಮೆಗೆ ಸಂಬಂಧಿಸಿದ್ದು.

ಅಮೆರಿಕದಲ್ಲಿ ಬಾಡಿಗೆ ಕಟ್ಟಲಾಗದೆ ಮನೆ ಬಿಟ್ಟವರು ಕೊನೆಗೆ ಉಳಿದ ಕಾರಿನೊಳಗೆ ಸೇರಿಕೊಳ್ಳುತ್ತಾರೆ. ಭಾರತದಲ್ಲಿ ಕಾರು ಬಡವರ ಕೊನೆಯ ಆಸ್ತಿಯಾಗುವುದು ಅಪರೂಪ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕಾರಿರುವ ಕುಟುಂಬಗಳು ನೂರಕ್ಕೆ ಎಂಟೂ ಇಲ್ಲ. ನಂದಿ ಸೀಮೆಯಲ್ಲಿ ಗಾಡಿಯಲ್ಲಿ ಮಲಗುವವನಿಗೆ ಸಾಮಾನ್ಯವಾಗಿ ಊರಿನಲ್ಲೊಂದು ಮನೆ ಇರುತ್ತದೆ, ಹೆಂಡತಿ ಮಕ್ಕಳು ಅಲ್ಲೇ ಇರುತ್ತಾರೆ, ರೇಷನ್ ಕಾರ್ಡಿನಲ್ಲಿ ಅವನ ಹೆಸರೂ ಇರುತ್ತದೆ. ಅವನನ್ನು ಆ ಮನೆಯಿಂದ ದೂರ ಇಟ್ಟಿರುವುದು ಸಾಲದ ಮೇಲೆ ತಂದ ಗಾಡಿ. ಇಲ್ಲಿನ ವಾಹನವಾಸ ಅರ್ಥವಾಗಬೇಕಾದರೆ ಮನೆಯ ಲೆಕ್ಕಕ್ಕಿಂತ ಗಾಡಿಯ ಲೆಕ್ಕ ನೋಡಬೇಕು.

ಹಳದಿ ಬೋರ್ಡಿನ ಕಾರುಗಳು

ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ 24ರಂದು ಕೆಲಸ ಶುರುಮಾಡಿತು. ಅದಕ್ಕೆ ಒಂಬತ್ತು ತಿಂಗಳ ಹಿಂದಷ್ಟೇ, 2007ರಲ್ಲಿ, ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯಾಗಿತ್ತು. ನಿಲ್ದಾಣದಿಂದ ಹೊಸ ಜಿಲ್ಲಾ ಕೇಂದ್ರಕ್ಕೆ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರ್. ಕೊಳವೆಬಾವಿ ಬತ್ತಿ ಬೇಸಾಯ ಕೈಕೊಟ್ಟ ಮನೆಗಳ ಹುಡುಗರಿಗೆ ಕಾರು ಓಡಿಸುವುದು ಹತ್ತಿರದಲ್ಲೇ ಸಿಕ್ಕ ದಾರಿಯಾಯಿತು. ಮುಂದಿನ ವರ್ಷಗಳಲ್ಲಿ ಓಲಾ, ಊಬರ್ ಆ್ಯಪ್‌ಗಳು ಬಂದವು; ಆರಂಭದಲ್ಲಿ ಪ್ರೋತ್ಸಾಹಧನ ಚೆನ್ನಾಗಿತ್ತು. ಅದನ್ನು ನಂಬಿ ಫೈನಾನ್ಸ್‌ನಲ್ಲಿ ಕಾರು ತೆಗೆದವರು ಬಹಳ. ಪ್ರೋತ್ಸಾಹಧನ ಇಳಿದಾಗ 2017ರ ಫೆಬ್ರವರಿಯಲ್ಲಿ ಬೆಂಗಳೂರಿನ ಚಾಲಕರು ಮುಷ್ಕರ ಹೂಡಿದರು. ಗಳಿಕೆ ಇಳಿದರೂ ಕಂತು ಇಳಿಯಲಿಲ್ಲ. ಕಾರೇ ಮಲಗುವ ಮನೆಯಾಗುವುದು ಸಾಮಾನ್ಯ ಸಂಗತಿಯಾದದ್ದು ಈ ಇಕ್ಕಟ್ಟಿನಲ್ಲಿ.

ಲೆಕ್ಕ ಹೀಗಿದೆ. ಚಿಂತಾಮಣಿಯಿಂದ ವಿಮಾನ ನಿಲ್ದಾಣಕ್ಕೆ ಶಿಡ್ಲಘಟ್ಟ, ದೇವನಹಳ್ಳಿ ಬಳಿಯ ವಿಜಯಪುರದ ಮೇಲೆ ಸುಮಾರು 55 ಕಿಲೋಮೀಟರ್. ರಾತ್ರಿ ಮನೆಗೆ ಹೋಗಿ ಬೆಳಗ್ಗೆ ಬಂದರೆ 110 ಕಿಲೋಮೀಟರ್ ಖಾಲಿ ಓಟ. ಲೀಟರಿಗೆ 18 ಕಿಲೋಮೀಟರ್ ಕೊಡುವ ಡೀಸೆಲ್ ಕಾರಿಗೆ ಆರು ಲೀಟರ್ ಬೇಕು. ಲೀಟರಿಗೆ 90 ರೂಪಾಯಿ ಹಿಡಿದರೆ 540 ರೂಪಾಯಿ. ತಿಂಗಳಿಗೆ 25 ದಿನ ಹೀಗೆ ಓಡಾಡಿದರೆ 13,500. ಅತ್ತ ಆರು ಲಕ್ಷ ಸಾಲವನ್ನು ಶೇ 12ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 13,350. ಅಂದರೆ ದಿನಾ ಮನೆಗೆ ಹೋಗಿ ಮಲಗುವ ಚಾಲಕ ಇನ್ನೊಂದು ಕಾರಿನ ಕಂತು ಕಟ್ಟಿದ ಹಾಗೆ. ಬೆಂಗಳೂರಿನ ಅಂಚಿನಲ್ಲಿ ನಾಲ್ಕು ಜನ ಸೇರಿ ರೂಮು ಹಿಡಿಯಬಹುದು, ಹಿಡಿದವರೂ ಇದ್ದಾರೆ. ಆದರೆ ಅಡ್ವಾನ್ಸ್ ಕೊಡಬೇಕು, ರೂಮಿನ ಮುಂದೆ ಗಾಡಿ ನಿಲ್ಲಿಸಲು ಜಾಗವೂ ಸಿಗಬೇಕು. ಎರಡೂ ಒಟ್ಟಿಗೆ ದಕ್ಕುವುದು ಕಷ್ಟ.

ಸರದಿಯ ಕಾರಣವೂ ಇದೆ. ವಿಮಾನ ನಿಲ್ದಾಣದಲ್ಲಿ ಆ್ಯಪ್ ಬಾಡಿಗೆ ಹಂಚುವುದು ಕ್ಯೂ ಪ್ರಕಾರ. ಮೊದಲು ಬಂದವನಿಗೆ ಮೊದಲು, ನಡುವೆ ಜಾಗ ಬಿಟ್ಟವನು ಮತ್ತೆ ಬಾಲದಲ್ಲಿ. ದೂರದ ವಿಮಾನಗಳು ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಬರುವುದರಿಂದ ಒಳ್ಳೆಯ ಬಾಡಿಗೆಗಳು ಸಿಗುವುದೂ ಅದೇ ಹೊತ್ತಿನಲ್ಲಿ. ಆದ್ದರಿಂದ ಚಾಲಕ ಸೀಟು ಹಿಂದಕ್ಕೆ ಬಾಗಿಸಿ, ಫೋನನ್ನು ಎದೆಯ ಮೇಲಿಟ್ಟುಕೊಂಡು, ತುಣುಕು ತುಣುಕಾಗಿ ನಿದ್ದೆ ಮಾಡುತ್ತಾನೆ. ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಗಾಡಿಯ ಸುಸ್ಥಿತಿ ಪರೀಕ್ಷೆ, ಆಗಬೇಕು. ಇನ್ಶೂರೆನ್ಸ್, ತೆರಿಗೆ, ಟಯರು ಇದರ ಮೇಲೆ. ಎರಡು ಮೂರು ಕಂತು ತಪ್ಪಿದರೆ ಫೈನಾನ್ಸ್‌ನವರು ಗಾಡಿ ಸೀಜ್ ಮಾಡುತ್ತಾರೆ. ಆಗ ದುಡಿಮೆಯೂ ಹೋಯಿತು, ಮಲಗುವ ಜಾಗವೂ ಹೋಯಿತು.

ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಟ್ಯಾಕ್ಸಿಗಳಿಗೆ ಏಕರೂಪದ ದರ ಗೊತ್ತುಮಾಡಿತು. ಹತ್ತು ಲಕ್ಷದೊಳಗಿನ ಬೆಲೆಯ ಕಾರಿಗೆ ಮೊದಲ ನಾಲ್ಕು ಕಿಲೋಮೀಟರಿಗೆ 100 ರೂಪಾಯಿ, ಆಮೇಲೆ ಕಿಲೋಮೀಟರಿಗೆ 24. ಈ ದರ ಲೆಕ್ಕ ಹಾಕುವುದು ಪ್ರಯಾಣಿಕ ಹತ್ತಿದ ಮೇಲೆ. ಖಾಲಿ ಓಟಕ್ಕೂ ಕಾಯುವ ರಾತ್ರಿಗೂ ಅದರಲ್ಲಿ ಪಾಲಿಲ್ಲ.

ಗೌರಿಬಿದನೂರು ಈ ವಿಷಯದಲ್ಲಿ ಸ್ವಲ್ಪ ಭಿನ್ನ. ಬೆಂಗಳೂರು-ಗುಂತಕಲ್ ರೈಲು ಹಾದಿ ಊರಿನ ಮೇಲೇ ಹೋಗುವುದರಿಂದ ಕಾರ್ಖಾನೆ, ಅಂಗಡಿ, ಕಚೇರಿ ಕೆಲಸದವರು ಪಾಸು ಮಾಡಿಸಿಕೊಂಡು ದಿನಾ ಮನೆಗೆ ಬರುತ್ತಾರೆ. ಚಾಲಕನಿಗೆ ಆ ಸೌಕರ್ಯವಿಲ್ಲ, ಅವನ ಕೆಲಸದ ಸಾಧನವನ್ನು ರೈಲಿಗೆ ಹತ್ತಿಸಲು ಬರುವುದಿಲ್ಲ.

ಉಳಿದ ಗಾಡಿಗಳು

ಕಾರಿಗಿಂತ ಹಳೆಯದು ಲಾರಿಯ ಕ್ಯಾಬಿನ್. ಚಿಂತಾಮಣಿಯ ಟೊಮೆಟೊ, ಚಿಕ್ಕಬಳ್ಳಾಪುರದ ದ್ರಾಕ್ಷಿ, ಹೂವು, ತರಕಾರಿ ಹೊರ ರಾಜ್ಯಗಳಿಗೆ ಹೋಗುವುದು ಲಾರಿಗಳಲ್ಲಿ. ಹೊರಟ ಚಾಲಕ ಮತ್ತು ಕ್ಲೀನರ್ ವಾರಗಟ್ಟಲೆ ಸೀಟಿನ ಹಿಂದಿನ ಹಲಗೆಯ ಮೇಲೆ ಪಾಳಿಯಲ್ಲಿ ಮಲಗುತ್ತಾರೆ. ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ ಎಂಬ ನಿಯಮ 2025ರಲ್ಲಿ ಜಾರಿಗೆ ಬಂತು. ರಸ್ತೆಯ ಮೇಲಿರುವ ಹಳೆಯ ಲಾರಿಗಳಿಗೆ ಅದು ಅನ್ವಯಿಸುವುದಿಲ್ಲ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ದೂರದ ಜಿಲ್ಲೆಗಳಿಂದ, ಆಂಧ್ರದಿಂದಲೂ ಗೂಡು ಬರುತ್ತದೆ. ಗೂಡನ್ನು ಬಹಳ ದಿನ ಇಟ್ಟುಕೊಳ್ಳಲಾಗದು, ಒಳಗಿನ ಹುಳು ಚಿಟ್ಟೆಯಾಗಿ ಗೂಡು ಒಡೆದರೆ ನೂಲು ಬಿಚ್ಚಲು ಬರುವುದಿಲ್ಲ. ಬೆಳಗಿನ ಹರಾಜಿಗೆ ಸರಿಯಾಗಿ ರಾತ್ರಿಯೇ ಬಂದಿಳಿಯುವ ರೈತರು, ಟೆಂಪೋದವರು ಗಾಡಿಯಲ್ಲೋ ಗಾಡಿಯ ಕೆಳಗೋ ಮಲಗುತ್ತಾರೆ. ಇದು ಒಂದೆರಡು ರಾತ್ರಿಯ ಮಾತು. ವಾಹನವಾಸವೆನ್ನಲು ಬರುವುದು ಬಾಡಿಗೆ ಟಾಟಾ ಏಸ್, ಪಿಕಪ್ ಇಟ್ಟುಕೊಂಡು ಸಂತೆಯಿಂದ ಸಂತೆಗೆ, ಮಂಡಿಯಿಂದ ಮಂಡಿಗೆ ತಿರುಗುವವರ ಬದುಕು. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಇವರಿಗೆ ಸರಕು ಕಾಯುವ ಕೆಲಸವೂ ಸೇರಿಕೊಂಡಿತ್ತು.

ಬೋರ್‌ವೆಲ್ ಲಾರಿಗಳ ಕೆಲಸಗಾರರಷ್ಟು ಅಪ್ಪಟವಾಗಿ ಗಾಡಿಯಲ್ಲೇ ಬದುಕುವವರು ಈ ಸೀಮೆಯಲ್ಲಿ ಬೇರೆ ಯಾರೂ ಇರಲಾರರು. ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ತಿರುಚೆಂಗೋಡು ಈ ಉದ್ಯಮದ ತವರು. ಅಲ್ಲಿಂದ ಹೊರಡುವ ರಿಗ್ ಲಾರಿ, ಪೈಪು ಮತ್ತು ಸಾಮಾನು ಹೊರುವ ಇನ್ನೊಂದು ಲಾರಿ ಜೊತೆಯಾಗಿ ಹಳ್ಳಿಯಿಂದ ಹಳ್ಳಿಗೆ ಸಾಗುತ್ತವೆ. ನಂದಿ ಸೀಮೆಯಲ್ಲಿ ನೀರಿಗಾಗಿ ಸಾವಿರ, ಸಾವಿರದೈನೂರು ಅಡಿ ಕೊರೆಯುವುದು ಮಾಮೂಲು. ಕೊರೆಯುವ ಕೆಲಸ ರಾತ್ರಿಯೂ ನಡೆಯುತ್ತದೆ. ಹುಡುಗರ ಅಡುಗೆ, ಊಟ, ನಿದ್ದೆ ಎಲ್ಲವೂ ಆ ಎರಡನೆಯ ಲಾರಿಯ ಸುತ್ತ. ರಾಗಿ ಕೊಯ್ಲಿನ ಕಾಲದಲ್ಲಿ ಬರುವ ಕಟಾವು ಯಂತ್ರದವರದ್ದೂ ಹೆಚ್ಚುಕಡಿಮೆ ಇದೇ ಬಗೆ, ಒಂದು ಸುಗ್ಗಿಯ ಮಟ್ಟಿಗೆ.

ಸರ್ಕಾರಿ ರೂಪದ ವಾಹನವಾಸವೂ ಒಂದಿದೆ: ನೈಟ್ ಹಾಲ್ಟ್ ಬಸ್ಸು. ಕೆಎಸ್‌ಆರ್‌ಟಿಸಿ ಡಿಪೋಗಳಿಂದ ಸಂಜೆ ಹೊರಟ ಕೊನೆಯ ಬಸ್ಸು ಹಳ್ಳಿಯಲ್ಲೇ ತಂಗಿ ಬೆಳಗ್ಗೆ ಮೊದಲ ಟ್ರಿಪ್ಪಾಗಿ ಹೊರಡುತ್ತದೆ. ಡ್ರೈವರ್, ಕಂಡಕ್ಟರ್ ಸೀಟುಗಳ ಮೇಲೆ ಹಾಸಿಕೊಂಡು ಮಲಗುತ್ತಾರೆ. ಹಳ್ಳಿಯವರು ಊಟ ಕೊಡುವುದು, ದೇವಸ್ಥಾನದ ಜಗುಲಿ ಬಿಟ್ಟುಕೊಡುವುದು ಹಿಂದಿನಿಂದ ನಡೆದುಬಂದಿದೆ. ಕಾರಿನಲ್ಲಿ ಮಲಗಿದವನನ್ನು ಅನುಮಾನದಿಂದ ನೋಡುವ ಊರು ಬಸ್ಸಿನಲ್ಲಿ ಮಲಗಿದವರಿಗೆ ಮುದ್ದೆ ಬಡಿಸುತ್ತದೆ. ಬಸ್ಸು ಊರಿನದು ಎಂಬ ಭಾವನೆ ಇದಕ್ಕೆ ಕಾರಣವಿರಬೇಕು.

ಇವೆಲ್ಲ ಹೊಸವೆಂದು ತಿಳಿಯಬೇಕಾಗಿಲ್ಲ. ಶಿವರಾತ್ರಿಯ ನಂದಿ ಜಾತ್ರೆಗೆ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಬಂದ ಸಂಸಾರಗಳು ಗಾಡಿಯ ಕೆಳಗೇ ಒಲೆ ಹೂಡಿ ದಿನಗಟ್ಟಲೆ ಇರುತ್ತಿದ್ದವು. ಗಾಡಿಯನ್ನೇ ಶಾಶ್ವತ ಮನೆ ಮಾಡಿಕೊಂಡವರೆಂದರೆ ರಾಜಸ್ಥಾನ ಮೂಲದ ಗಾಡಿಯಾ ಲೋಹಾರರು. ಚಿತ್ತೋಡಗಢ ಬಿದ್ದಾಗ ಮನೆ ಕಟ್ಟುವುದಿಲ್ಲವೆಂದು ಶಪಥ ಮಾಡಿದ ಕಮ್ಮಾರರ ಸಂತತಿ ತಾವೆಂದು ಅವರು ನಂಬುತ್ತಾರೆ. 1955ರಲ್ಲಿ ಅವರನ್ನು ಜವಾಹರಲಾಲ್ ನೆಹರೂ ಮತ್ತೆ ಕೋಟೆಗೆ ಕರೆದೊಯ್ದರು. ಅಷ್ಟಾಗಿಯೂ ಗಾಡಿ ಬಿಡದವರಿದ್ದಾರೆ.

ಸುಳ್ಯದ ಪ್ರಕರಣ

ಕರ್ನಾಟಕದಲ್ಲಿ ಅಕ್ಷರಶಃ ಕಾರೇ ಮನೆಯಾದ, ಹೆಚ್ಚು ಸುದ್ದಿಯಾದ ಪ್ರಕರಣ ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿನದು. ಒಂದೂವರೆ ಎಕರೆ ಅಡಿಕೆ ತೋಟವಿದ್ದ ಕೃಷಿಕರೊಬ್ಬರು 2003ರಲ್ಲಿ ಪಡೆದ ಸುಮಾರು 40,000 ರೂಪಾಯಿ ಸಹಕಾರಿ ಸಾಲ ತೀರಿಸಲಾಗದೆ, ಜಮೀನು ಹರಾಜಾಗಿ, ತಮ್ಮ ಹಳೆಯ ಕಾರನ್ನು ಕಾಡಿನೊಳಗೆ ನಿಲ್ಲಿಸಿ ಅದರಲ್ಲೇ ಉಳಿದುಬಿಟ್ಟರು. 2021ರಲ್ಲಿ ಅವರ ಸುದ್ದಿ ದೇಶದ ಪತ್ರಿಕೆಗಳಲ್ಲಿ ಬಂದಾಗ ಹದಿನೇಳು ವರ್ಷ ಕಳೆದಿತ್ತು. ಕಾಡುಬಳ್ಳಿಯಿಂದ ಬುಟ್ಟಿ ಹೆಣೆದು ಅಂಗಡಿಗೆ ಕೊಟ್ಟು ಅಕ್ಕಿ, ಸಕ್ಕರೆ ತರುತ್ತಿದ್ದರು. ಹೊಳೆಯಲ್ಲಿ ಸ್ನಾನ, ಓಡಾಟಕ್ಕೆ ಸೈಕಲ್ಲು, ಹೊತ್ತು ಕಳೆಯಲು ರೇಡಿಯೊ. ಆಧಾರ್ ಇಲ್ಲದಿದ್ದರೂ ಪಂಚಾಯಿತಿಯವರು ಕೋವಿಡ್ ಲಸಿಕೆ ಹಾಕಿಸಿದರು. ಹಿಂದೊಮ್ಮೆ ಜಿಲ್ಲಾಡಳಿತ ಮನೆಯ ವ್ಯವಸ್ಥೆ ಮಾಡಿದಾಗ ಅವರು ಒಪ್ಪಿರಲಿಲ್ಲ; ಅವರಿಗೆ ಬೇಕಾಗಿದ್ದುದು ತಮ್ಮ ಜಮೀನು.

ಪತ್ರಿಕೆಗಳು ಇದನ್ನು ಕಾಡಿನ ಒಂಟಿ ಮನುಷ್ಯನ ವಿಚಿತ್ರ ಕತೆಯಾಗಿ ಬರೆದವು. ಆದರೆ ವಿಷಯ ಸಾಲದ್ದು, ನಂದಿ ಸೀಮೆಯ ಚಾಲಕನ ಕತೆಯಂತೆಯೇ. ಒಂದು ಕಡೆ ಸಾಲಕ್ಕೆ ಜಮೀನು ಹೋಗಿ ಕಾರು ಉಳಿಯಿತು, ಇನ್ನೊಂದು ಕಡೆ ಕಾರೇ ಸಾಲ. ಮತ್ತೊಂದು ವ್ಯತ್ಯಾಸ ನೀರಿನದು. ಮಲೆನಾಡಿನ ಅಂಚಿನಲ್ಲಿ ಹೊಳೆ ಪುಕ್ಕಟೆ.

ನೀರು, ನಿದ್ದೆ, ಮೈ

ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಪಾಲಾರ್, ಚಿತ್ರಾವತಿ, ಪಾಪಾಗ್ನಿ ಇವೆಲ್ಲ ನಂದಿಯ ಬೆಟ್ಟಸಾಲಿನ ಆಸುಪಾಸಿನಲ್ಲಿ ಹುಟ್ಟುವ ನದಿಗಳು. ಇಷ್ಟು ನದಿಗಳ ತವರಿನಲ್ಲಿ ವರ್ಷವಿಡೀ ಹರಿಯುವ ನೀರು ಒಂದರಲ್ಲೂ ಇಲ್ಲ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯ ನೀರು ಕೆರೆಗಳಿಗೆ ಬಂದಿದೆಯಾದರೂ ಅದರ ಉದ್ದೇಶ ಅಂತರ್ಜಲ ಮರುಪೂರಣ, ಕುಡಿಯುವುದಲ್ಲ. ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್. ಹೀಗಾಗಿ ಗಾಡಿಯಲ್ಲಿ ಬದುಕುವವರ ದಿನ ಶುರುವಾಗುವುದೇ ನೀರಿನ ಹುಡುಕಾಟದಿಂದ. ಕುಡಿಯಲು ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕ: ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಶೌಚಕ್ಕೆ ಪೆಟ್ರೋಲ್ ಬಂಕು, ಟೋಲ್ ಗೇಟು, ಬಸ್ ನಿಲ್ದಾಣ. ಬಂಕುಗಳು ಶೌಚಾಲಯ, ಕುಡಿಯುವ ನೀರು, ಟಯರಿಗೆ ಗಾಳಿ ಇವನ್ನು ಪುಕ್ಕಟೆ ಒದಗಿಸಬೇಕೆಂಬ ನಿಯಮವಿದೆ. ಬೀಗ ಹಾಕಿದ ಬಾಗಿಲ ಮುಂದೆ ನಿಂತವರಿಗೆ ಅದು ಗೊತ್ತಿರುವುದು ಕಡಿಮೆ. ಸ್ನಾನಕ್ಕೆ ಎಲ್ಲಕ್ಕಿಂತ ಒಳ್ಳೆಯ ಜಾಗ ರಸ್ತೆ ಬದಿಯ ತೋಟದ ಬೋರ್‌ವೆಲ್. ತ್ರೀಫೇಸ್ ಕರೆಂಟು ಬಂದು ಪಂಪು ಓಡುವ ಹೊತ್ತು ತಿಳಿದಿರಬೇಕು, ತೋಟದವರ ಹತ್ತಿರ ಒಂದು ಮಾತು ಕೇಳಬೇಕು. ಊಟದ ಚಿಂತೆ ಇಷ್ಟಿಲ್ಲ. ತಾಲ್ಲೂಕು ಕೇಂದ್ರಗಳಿಗೂ ಹಬ್ಬಿರುವ ಇಂದಿರಾ ಕ್ಯಾಂಟೀನ್, ಹೆದ್ದಾರಿ ಬದಿಯ ಮುದ್ದೆ ಹೋಟೆಲುಗಳು ಇವೆ.

ನಿದ್ದೆಗೆ ಮೂರು ಶತ್ರುಗಳು: ಸೆಕೆ, ಸೊಳ್ಳೆ, ಜನರ ಕಣ್ಣು. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗಿನ ಉಷ್ಣಾಂಶ ಒಂದು ಗಂಟೆಯೊಳಗೆ ಹೊರಗಿನದಕ್ಕಿಂತ ಸುಮಾರು 20 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಗಾಜು ಒಂದಿಂಚು ಇಳಿಸಿದರೆ ಹೇಳಿಕೊಳ್ಳುವ ವ್ಯತ್ಯಾಸವಾಗುವುದಿಲ್ಲ. ರಾತ್ರಿ ಪಾಳಿಯವನು ಹಗಲು ಮಲಗಬೇಕಾಗಿರುವುದರಿಂದ ಹುಣಸೆ, ಬೇವಿನ ನೆರಳು ಹುಡುಕುತ್ತಾನೆ. ಹೆದ್ದಾರಿ ಅಗಲವಾದ ಮೇಲೆ ಸಾಲುಮರ ಹೋದದ್ದು ಇವನಿಗೆ ದೊಡ್ಡ ನಷ್ಟ. ರಾತ್ರಿ ಗಾಜು ಇಳಿಸಿದರೆ ಸೊಳ್ಳೆ. ಅದಕ್ಕೆ ಕಿಟಕಿಯ ಅಳತೆಗೆ ಹೊಲಿಸಿದ ನೆಟ್ಟು. ಡಿಸೆಂಬರ್, ಜನವರಿಯಲ್ಲಿ ನಂದಿ ತಪ್ಪಲಿನ ಮಂಜಿಗೆ ಗಾಜಿನ ಒಳಮೈಯೆಲ್ಲ ಉಸಿರಿನ ಹನಿ ಕಟ್ಟುತ್ತದೆ. ಕಿಟಕಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲಿ ನಿಷೇಧಿಸಿದ್ದರಿಂದ ಮರೆಗೆ ಉಳಿದಿರುವುದು ಟವೆಲು, ಪಂಚೆ, ಗಾಜಿನ ಸಂದಿಗೆ ಸಿಕ್ಕಿಸಿದ ಹಳೆಯ ಬೆಡ್‌ಶೀಟು.

ಎ.ಸಿ.ಗಾಗಿ ಎಂಜಿನ್ ಚಾಲೂ ಇಟ್ಟು ಗಾಜು ಮುಚ್ಚಿ ಮಲಗುವುದು ಜೀವಕ್ಕೇ ಅಪಾಯ. ಸೈಲೆನ್ಸರ್ ಸೋರಿಕೆಯಿಂದ ಒಳಸೇರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವನಿಗೆ ಅದು ಗೊತ್ತಾಗುವುದೇ ಇಲ್ಲ. ನಿಧಾನವಾಗಿ ಕೆಡಿಸುವುದು ಕೂತು ಮಲಗುವ ಅಭ್ಯಾಸ: ಕಾಲು ಊತ, ಸೊಂಟನೋವು, ಕಾಲಿನ ರಕ್ತನಾಳದಲ್ಲಿ ಹೆಪ್ಪು. ಜಪಾನಿನಲ್ಲಿ 2004ರ ಚುಯೆತ್ಸು ಮತ್ತು 2016ರ ಕುಮಾಮೊಟೊ ಭೂಕಂಪಗಳ ನಂತರ ಮನೆಗೆ ಮರಳಲು ಹೆದರಿ ಕಾರುಗಳಲ್ಲಿ ಮಲಗಿದವರಲ್ಲಿ ಇಂಥ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸತ್ತವರಿದ್ದಾರೆ. ಕೆಲವೇ ರಾತ್ರಿಗಳ ಫಲ ಅದು. ನಮ್ಮ ಚಾಲಕರು ವರ್ಷಗಟ್ಟಲೆ ಹಾಗೇ ಮಲಗುತ್ತಾರೆ, ಕಾಲು ಊದಿದರೆ ಮಾತ್ರೆ ನುಂಗಿ ಮುಂದಿನ ಬಾಡಿಗೆ ಹಿಡಿಯುತ್ತಾರೆ.

ಗಾಡಿಯಲ್ಲಿ ರಾತ್ರಿ ಕಳೆಯುವ ಹೆಂಗಸರು ಈ ಸೀಮೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬಡತನ ಅವರಿಗೂ ಇದೆ, ಗಾಡಿ ಅವರ ಹೆಸರಿನಲ್ಲಿಲ್ಲ. ಇದ್ದರೂ ರಸ್ತೆ ಬದಿಯ ರಾತ್ರಿ ಅವರಿಗೆ ಒದಗುವಂಥದ್ದಲ್ಲ.

ಹೊರದೇಶದಲ್ಲಿ

ಅಮೆರಿಕದಲ್ಲಿ 2008ರ ಆರ್ಥಿಕ ಕುಸಿತದ ನಂತರ ವ್ಯಾನುಗಳಲ್ಲಿ ಬದುಕುತ್ತ ಋತುಮಾನದ ಕೂಲಿಗೆ ಅಲೆಯುವ ವಯಸ್ಸಾದವರ ಬಗ್ಗೆ ಜೆಸ್ಸಿಕಾ ಬ್ರೂಡರ್ ಬರೆದ ‘ನೊಮ್ಯಾಡ್‌ಲ್ಯಾಂಡ್’ 2017ರಲ್ಲಿ ಪ್ರಕಟವಾಯಿತು. ಅದೇ ಹೆಸರಿನ ಚಿತ್ರ 2021ರಲ್ಲಿ ಆಸ್ಕರ್ ಪಡೆಯಿತು. ಲಾಸ್ ಏಂಜಲೀಸ್ ನಗರ ವಾಹನದಲ್ಲಿ ವಾಸಿಸುವುದನ್ನು ನಿಷೇಧಿಸಿ 1983ರಲ್ಲಿ ಮಾಡಿದ್ದ ಕಾನೂನನ್ನು, ಅದು ಅಸ್ಪಷ್ಟವೆಂಬ ಕಾರಣಕ್ಕೆ, ಮೇಲ್ಮನವಿ ನ್ಯಾಯಾಲಯ 2014ರಲ್ಲಿ ರದ್ದುಮಾಡಿತು. ಹತ್ತು ವರ್ಷದ ಬಳಿಕ, 2024ರಲ್ಲಿ, ಗ್ರಾಂಟ್ಸ್ ಪಾಸ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬಯಲಲ್ಲಿ ಮಲಗುವುದನ್ನು ನಗರಗಳು ಶಿಕ್ಷಾರ್ಹಗೊಳಿಸಬಹುದೆಂದಿತು. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ 2004ರಿಂದ ನಡೆದಿರುವ ಏರ್ಪಾಡು ನಮಗೆ ಹೆಚ್ಚು ಉಪಯುಕ್ತ: ರಾತ್ರಿ ಖಾಲಿ ಬೀಳುವ ವಾಹನ ನಿಲುಗಡೆ ಜಾಗಗಳಲ್ಲಿ ಕಾರಿನಲ್ಲಿ ಮಲಗುವವರಿಗೆ ಅನುಮತಿ ಕೊಡುತ್ತಾರೆ. ಎಪಿಎಂಸಿ ಪ್ರಾಂಗಣ, ಸರ್ಕಾರಿ ಕಚೇರಿಗಳ ಆವರಣ ಇರುವ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಇದಕ್ಕೆ ದೊಡ್ಡ ಹಣ ಬೇಕಾಗಲಾರದು.

ಕಾನೂನು ಮತ್ತು ಎಣಿಕೆ

ಭಾರತದಲ್ಲಿ ಸ್ವಂತ ಗಾಡಿಯೊಳಗೆ ಮಲಗುವುದನ್ನೇ ಅಪರಾಧವೆನ್ನುವ ಕಾನೂನು ಇಲ್ಲ. ಕಾನೂನು ನೋಡುವುದು ಗಾಡಿ ನಿಂತ ಜಾಗವನ್ನು. 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಮಿನ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆಗೂ ಹೆಚ್ಚು ಹೊತ್ತು ಯಾರೂ ಇಲ್ಲದೆ ಬಿಟ್ಟ, ಅಥವಾ ನಿಲ್ಲಿಸಬಾರದ ಜಾಗದಲ್ಲಿ ನಿಲ್ಲಿಸಿದ ಗಾಡಿಯನ್ನು ಪೊಲೀಸರು ಎತ್ತಿಸಬಹುದು.

ದುಡಿಮೆಯ ಕಾನೂನು ಇನ್ನೂ ದೂರ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಮಿತಿ ಹಾಕಿತು. ರಾತ್ರಿ ತಂಗಬೇಕಾದ ಕಡೆ ಮಾಲೀಕ ವಿಶ್ರಾಂತಿ ಕೋಣೆ ಒದಗಿಸಬೇಕೆಂದಿತು. ಆದರೆ ಅದು ಅನ್ವಯಿಸುತ್ತಿದ್ದುದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ಸಾಲದ ಕಾರನ್ನು ತಾನೇ ಓಡಿಸುವವನು ಕಾಗದದ ಮೇಲೆ ಮಾಲೀಕ; ಕೋಣೆ ಕೊಡಬೇಕಾದವನೂ ಅವನೇ, ಪಡೆಯಬೇಕಾದವನೂ ಅವನೇ. 2025ರಲ್ಲಿ ರಾಜ್ಯ ತಂದ ಗಿಗ್ ಕಾರ್ಮಿಕರ ಕಾಯ್ದೆ ಆ್ಯಪ್ ಕಂಪನಿಗಳಿಂದ ಪ್ರತಿ ವಹಿವಾಟಿಗೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯಲು ಅವಕಾಶ ಕೊಟ್ಟಿದೆ. ನಗರದ ವಸತಿರಹಿತರಿಗೆ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಡಿ ಲಕ್ಷ ಜನಸಂಖ್ಯೆಗೊಂದು ಆಶ್ರಯ ಕೇಂದ್ರವೆಂಬ ನಿಯಮ ಮಾಡಲಾಗಿತ್ತು. ಗಾಡಿ ನಿಲ್ಲಿಸುವ ಯೋಚನೆ ಅದರಲ್ಲಿರಲಿಲ್ಲ, ಗಾಡಿ ಬಿಟ್ಟು ಬಂದು ಅಲ್ಲಿ ಮಲಗುವ ಚಾಲಕನೂ ಇಲ್ಲ.

ವಸತಿರಹಿತರನ್ನು ಮತದಾರರ ಪಟ್ಟಿಗೆ ಸೇರಿಸುವಾಗ ಮತಗಟ್ಟೆ ಅಧಿಕಾರಿ ರಾತ್ರಿ ಹೊತ್ತು ಹೋಗಿ, ಅವರು ಹೇಳಿದ ಜಾಗದಲ್ಲೇ ಮಲಗಿದ್ದಾರೆಯೇ ಎಂದು ನೋಡಬೇಕೆಂದು ಚುನಾವಣಾ ಆಯೋಗದ ಸೂಚನೆಯಿದೆ. ದಿನಕ್ಕೊಂದು ಜಾಗದಲ್ಲಿ ಮಲಗುವವರು ಈ ಪರೀಕ್ಷೆಯಲ್ಲಿ ಗೆಲ್ಲುವುದು ಕಷ್ಟ. ನಂದಿ ಸೀಮೆಯ ಚಾಲಕರಿಗೆ ಊರಿನ ವಿಳಾಸ ಇರುವುದರಿಂದ ಈ ತೊಡಕು ಬಂದಿಲ್ಲ. ಆ ವಿಳಾಸವೇ ಅವರನ್ನು ಲೆಕ್ಕದಿಂದ ಮರೆಮಾಡುತ್ತದೆ ಎನ್ನುವುದೂ ನಿಜ. 2011ರ ಜನಗಣತಿ ದೇಶದಲ್ಲಿ ಸುಮಾರು 17.7 ಲಕ್ಷ ವಸತಿರಹಿತರನ್ನು ಫೆಬ್ರವರಿ 28ರ ರಾತ್ರಿ ಎಣಿಸಿತು. ರಸ್ತೆ ಬದಿ, ಹ್ಯೂಮ್ ಪೈಪು, ಮೇಲ್ಸೇತುವೆಯ ಕೆಳಗೆ, ಗುಡಿಯ ಮಂಟಪ, ರೈಲ್ವೆ ಪ್ಲಾಟ್‌ಫಾರಂ ಎಂದು ಜಾಗಗಳನ್ನು ಹೆಸರಿಸಿದ ಆ ವ್ಯಾಖ್ಯೆಯಲ್ಲಿ ನಿಂತ ಕಾರಿನ ಮಾತಿಲ್ಲ. ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಹಿಂದಿನ ಪದ್ಧತಿಯೇ ಮುಂದುವರಿದರೆ, ಎಣಿಕೆಯ ದಿನಗಳಲ್ಲಿ ಒಮ್ಮೆ ಊರಿಗೆ ಬಂದುಹೋದ ಚಾಲಕನ ಹೆಸರು ಅವನ ಹೆಂಡತಿ ಕೊಡುವ ಉತ್ತರದ ಮೇಲೆ ಚಿಂತಾಮಣಿಯ ಮನೆಯಲ್ಲೇ ದಾಖಲಾಗುತ್ತದೆ.